ಇನ್ನಷ್ಟು ಮಾಡು ಎಂದು ಹೇಳುವವರು ಯಾರು?



ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ, ಡೆಂಗಿ ಜ್ವರದಿಂದ ಮಲಗಿದ್ದ ಹದಿನಾಲ್ಕರ ಹುಡುಗನೊಬ್ಬನ ಹಾಸಿಗೆಯ ಬಳಿ ನಿಂತಿದ್ದೆ. ಅವನ ತಂದೆ ಜಾತ್ರೆ, ಮದುವೆಗಳಲ್ಲಿ ಅಡುಗೆ ಮಾಡುವವರು. ಅವರ ಕೈಯಲ್ಲಿ ಮೂರು ದಿನದ ರಕ್ತಪರೀಕ್ಷೆಯ ಚೀಟಿಗಳಿದ್ದವು: 92,000, 61,000, 38,000. ಅಂಥ ಹೊತ್ತಿನಲ್ಲಿ ಮನೆಯವರು ಸಾಮಾನ್ಯವಾಗಿ ಕೇಳುವುದು, ಪ್ಲೇಟ್‌ಲೆಟ್ ಯಾವಾಗ ಹಾಕುತ್ತೀರಿ ಎಂದು. ಇವರು ಅದನ್ನು ಕೇಳಲಿಲ್ಲ. "ಇದು ಮೈಯೊಳಗೆ ಎಲ್ಲಿ ತಯಾರಾಗ್ತದೆ ಸಾರ್? ಕಮ್ಮಿ ಆಯ್ತು, ಇನ್ನಷ್ಟು ಮಾಡು ಅಂತ ಅದಕ್ಕೆ ಹೇಳೋರು ಯಾರು?" ಎಂದರು.

ರಕ್ತಶಾಸ್ತ್ರವನ್ನು ಕಲಿತು ಕಲಿಸಿದ ಇಷ್ಟು ವರ್ಷಗಳಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿಲ್ಲ. ವಿಜ್ಞಾನಕ್ಕೆ ಇದರ ಉತ್ತರ ಸಿಗಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು, ಇನ್ನೂ ಸಿಗುತ್ತಲೇ ಇದೆ. ಅಂದು ವಾರ್ಡಿನಲ್ಲಿ ಐದು ನಿಮಿಷದಲ್ಲಿ ಹೇಳಿದ್ದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ಲೇಟ್‌ಲೆಟ್ ಎಂದು ಈಗ ಹಳ್ಳಿಯಲ್ಲೂ ಎಲ್ಲರೂ ಹೇಳುವ ಈ ವಸ್ತುವಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಕಿರುತಟ್ಟೆ ಎಂಬ ಚಂದದ ಹೆಸರಿದೆ. ಆರೋಗ್ಯವಂತರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಕಿರುತಟ್ಟೆಗಳಿರುತ್ತವೆ. ಒಂದೊಂದರ ಅಗಲ ಎರಡು ಮೂರು ಮೈಕ್ರೊಮೀಟರ್, ಆಯುಸ್ಸು ಎಂಟರಿಂದ ಹತ್ತು ದಿನ. ಇದಕ್ಕೆ ಕೋಶಕೇಂದ್ರವಿಲ್ಲ, ಹಾಗಾಗಿ ತಾನೇ ಒಡೆದು ಎರಡಾಗುವ ಶಕ್ತಿಯೂ ಇಲ್ಲ. ಗಾಯವಾದಲ್ಲಿ ಅಂಟಿಕೊಂಡು, ಒಂದಕ್ಕೊಂದು ಹೆಣೆದುಕೊಂಡು, ರಕ್ತ ಸೋರುವುದನ್ನು ತಡೆಯುವುದು ಇದರ ಕೆಲಸ. ಇಷ್ಟು ಅಲ್ಪಾಯುವಾದ ವಸ್ತುವಿನ ಸಂಖ್ಯೆ ಒಂದೇ ಮಟ್ಟದಲ್ಲಿ ನಿಲ್ಲಬೇಕಾದರೆ ದೇಹ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸ ಕಿರುತಟ್ಟೆಗಳನ್ನು ತಯಾರಿಸಬೇಕು. ನಿಮಗೆ ನೆಗಡಿ ಬಂದ ದಿನವೂ, ಉಪವಾಸದ ದಿನವೂ, ನಿದ್ದೆಯಲ್ಲೂ ಆ ಕೆಲಸ ನಡೆಯುತ್ತಿರುತ್ತದೆ.

ತಯಾರಿಸುವ ಕೋಶ ಇರುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಹೆಸರು ಮೆಗಾಕ್ಯಾರಿಯೊಸೈಟ್, ಅಂದರೆ ದೊಡ್ಡ ಕೇಂದ್ರವಿರುವ ಕೋಶ. ಅಮೆರಿಕದ ವಿಲಿಯಂ ಹೋವೆಲ್ 1890ರಲ್ಲಿ ಇಟ್ಟ ಹೆಸರು ಅದು. ಮಜ್ಜೆಯ ಸಾವಿರ ಕೋಶಗಳನ್ನು ಎಣಿಸಿದರೂ ಇಂಥದೊಂದು ಸಿಗುವ ಖಾತರಿಯಿಲ್ಲ, ಅಷ್ಟು ವಿರಳ. ಸಿಕ್ಕಾಗ ಮಾತ್ರ ಕಣ್ಣು ಬೇರೆಡೆಗೆ ಹೋಗುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಮಜ್ಜೆಯ ಗಾಜುಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಸಾಸಿವೆ ಚೆಲ್ಲಿದ ಹಾಗೆ ಹರಡಿದ್ದ ಕೋಶಗಳ ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ಕುಳಿತಿತ್ತು. ಏನೋ ರೋಗದ ಕೋಶವಿರಬೇಕು ಎಂದುಕೊಂಡೆ. ನಮ್ಮ ಮೇಷ್ಟರು ಹಿಂದೆ ನಿಂತು, "ಅದನ್ನೇ ನೋಡ್ತಾ ಇರಿ, ನಿಮ್ಮ ಬೆರಳು ಕುಯ್ದರೆ ರಕ್ತ ನಿಲ್ಲೋದು ಅದರಿಂದ" ಎಂದರು.

ಕಿರುತಟ್ಟೆಗಳನ್ನು ಗುರುತಿಸಿ, ರಕ್ತ ಹೆಪ್ಪುಗಟ್ಟುವುದರಲ್ಲಿ ಅವುಗಳ ಪಾತ್ರವನ್ನು ತೋರಿಸಿದವರು ಇಟಲಿಯ ಟ್ಯೂರಿನ್ನಿನ ಜೂಲಿಯೊ ಬಿಝೊಝೆರೊ, 1880ರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲೇ ಮಜ್ಜೆಯ ದೈತ್ಯಕೋಶವನ್ನೂ ಅವರು ಕಂಡಿದ್ದರು. ಎರಡಕ್ಕೂ ಸಂಬಂಧವಿದೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಅದನ್ನು ಕಂಡವರು ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್, 1906ರಲ್ಲಿ. ತಾವೇ ಸಿದ್ಧಪಡಿಸಿದ ಬಣ್ಣದಲ್ಲಿ ಗಾಜುಪಟ್ಟಿಯನ್ನು ಅದ್ದಿದಾಗ ದೈತ್ಯಕೋಶದ ಒಡಲಲ್ಲಿ ಕಂಡ ನೇರಳೆಗೆಂಪು ಕಣಗಳೂ ಕಿರುತಟ್ಟೆಯೊಳಗಿನ ಕಣಗಳೂ ಒಂದೇ ಬಗೆಯವು ಎಂದು ಅವರು ಗುರುತಿಸಿದರು. ದೈತ್ಯಕೋಶದ ತೋಳುಗಳು ರಕ್ತನಾಳದೊಳಕ್ಕೆ ಚಾಚಿಕೊಂಡಿದ್ದುದನ್ನೂ ನೋಡಿದರು. ಆ ರೈಟ್ ಬಣ್ಣವನ್ನು ಜಗತ್ತಿನ ರಕ್ತಪರೀಕ್ಷಾ ಪ್ರಯೋಗಾಲಯಗಳು ಇಂದಿಗೂ ಬಳಸುತ್ತಿವೆ.

ಈ ಕೋಶ ಪಕ್ವವಾಗುವ ಬಗೆ ಶರೀರದಲ್ಲಿ ಬಹಳ ಅಪರೂಪದ್ದು. ಸಾಮಾನ್ಯ ಕೋಶ ತನ್ನ ವರ್ಣತಂತುಗಳನ್ನು ಇಮ್ಮಡಿ ಮಾಡಿಕೊಂಡು ಎರಡಾಗಿ ಒಡೆಯುತ್ತದೆ. ಮೆಗಾಕ್ಯಾರಿಯೊಸೈಟ್ ಇಮ್ಮಡಿ ಮಾಡಿಕೊಳ್ಳುತ್ತದೆ, ಒಡೆಯುವುದಿಲ್ಲ. ಎರಡು ಜೊತೆ ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ, ಎಂಟು ಹದಿನಾರಾಗುತ್ತದೆ. ಹೆಚ್ಚಿನವು ಹದಿನಾರರ ಆಸುಪಾಸಿನಲ್ಲಿ ನಿಲ್ಲುತ್ತವೆ, ಕೆಲವು ಅರವತ್ತನಾಲ್ಕರವರೆಗೂ ಹೋಗುತ್ತವೆ. ವರ್ಣತಂತುಗಳ ಪ್ರತಿ ಹೆಚ್ಚಿದಷ್ಟೂ ಪ್ರೋಟೀನ್ ತಯಾರಿಕೆ ಹೆಚ್ಚುತ್ತದೆ, ಕೋಶ ಉಬ್ಬುತ್ತದೆ. ಒಡಲೊಳಗೆ ಪೊರೆಗಳ ದೊಡ್ಡ ದಾಸ್ತಾನು ಬೆಳೆಯುತ್ತದೆ, ಕಿರುತಟ್ಟೆಗೆ ಬೇಕಾದ ಕಣಗಳು ತುಂಬಿಕೊಳ್ಳುತ್ತವೆ. ಕೊನೆಗೆ ಕೋಶ ಮಜ್ಜೆಯ ಸಣ್ಣ ರಕ್ತನಾಳದ ಗೋಡೆಗೆ ಬಂದು ಒತ್ತಿಕೊಂಡು, ಅದರ ಸಂದಿನೊಳಗಿಂದ ಉದ್ದುದ್ದ ಎಳೆಗಳನ್ನು ರಕ್ತದೊಳಕ್ಕೆ ಇಳಿಬಿಡುತ್ತದೆ. ಮನೆಯಲ್ಲಿ ಶ್ಯಾವಿಗೆ ಒತ್ತುವುದನ್ನು ಕಂಡವರಿಗೆ ಇದು ತಟ್ಟನೆ ಕಣ್ಣಿಗೆ ಕಟ್ಟುತ್ತದೆ: ಮೇಲಿಂದ ಒತ್ತಿದ ಹಿಟ್ಟಿನ ಉಂಡೆ ಅಚ್ಚಿನ ತೂತುಗಳಲ್ಲಿ ಎಳೆಯಾಗಿ ಇಳಿದ ಹಾಗೆ. ಹರಿಯುವ ರಕ್ತ ಆ ಎಳೆಗಳನ್ನು ತುಂಡುತುಂಡಾಗಿ ಸೆಳೆದೊಯ್ಯುತ್ತದೆ. ಆ ತುಂಡುಗಳೇ ಕಿರುತಟ್ಟೆಗಳು. ಒಂದು ಕೋಶದಿಂದ ಸಾವಿರಾರು ಬರುತ್ತವೆ, ಬರಿದಾದ ಕೇಂದ್ರ ಹಿಂದೆ ಉಳಿದು ಅಳಿಯುತ್ತದೆ. ಕೆಲವು ದೈತ್ಯಕೋಶಗಳು ಇಡಿಯಾಗಿ ಶ್ವಾಸಕೋಶಕ್ಕೆ ತೇಲಿಹೋಗಿ ಅಲ್ಲಿ ಕಿರುತಟ್ಟೆಗಳನ್ನು ಬಿಡುವುದನ್ನು 2017ರಲ್ಲಿ ಬದುಕಿರುವ ಇಲಿಗಳಲ್ಲೇ ನೋಡಿದ್ದಾರೆ.

ಇನ್ನು ಆ ತಂದೆಯ ಪ್ರಶ್ನೆಗೆ ಬರೋಣ. ಇದನ್ನೆಲ್ಲ ಮಾಡು ಎಂದು ಹೇಳುವವರು ಯಾರು?

ಮೊದಲು ಒಂದು ಘಟನೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯರಿದ್ದರು. ಮೈಮೇಲೆಲ್ಲ ರಕ್ತದ ಕಲೆ ಮೂಡುವ, ಕಿರುತಟ್ಟೆ ಮೇಲ್ನೋಟಕ್ಕೆ ಕಾರಣ ಕಾಣದೆ ಕುಸಿಯುವ ರೋಗವೊಂದಿದೆ. ಈಗ ಅದನ್ನು ಐಟಿಪಿ ಎನ್ನುತ್ತೇವೆ. ಆ ರೋಗಿಯೊಬ್ಬರ ರಕ್ತವನ್ನು ಹ್ಯಾರಿಂಗ್ಟನ್ ತಮ್ಮ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕಿರುತಟ್ಟೆಗಳು ಬಹುತೇಕ ಮಾಯವಾದವು, ಅವರು ಸೆಳವಿಗೂ ಗುರಿಯಾದರು. ಕೆಲವು ದಿನ ಕಳೆದ ಮೇಲೆ ಸಂಖ್ಯೆ ತಾನಾಗಿ ಮೇಲೆ ಬಂತು. 1951ರಲ್ಲಿ ಅವರು ಇದನ್ನು ಪ್ರಕಟಿಸಿದರು. ರೋಗಿಯ ರಕ್ತದಲ್ಲಿರುವ ಏನೋ ಒಂದು ಕಿರುತಟ್ಟೆಗಳನ್ನು ನಾಶಮಾಡುತ್ತದೆ ಎಂಬುದು ಅದರಿಂದ ಖಚಿತವಾಯಿತು. ಅವರ ಧೈರ್ಯಕ್ಕೆ ನನ್ನ ನಮಸ್ಕಾರವಿದೆ, ಅಂಥ ಪ್ರಯೋಗವನ್ನು ಇಂದು ಯಾರೂ ಮಾಡಕೂಡದು ಎಂಬ ಮಾತನ್ನೂ ಸೇರಿಸುತ್ತೇನೆ. ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಕೊನೆ. ಕುಸಿದ ಸಂಖ್ಯೆ ಯಾರ ಔಷಧಿಯೂ ಇಲ್ಲದೆ ಏರಿತಲ್ಲ, ಮಜ್ಜೆಗೆ ಸುದ್ದಿ ಮುಟ್ಟಿದ್ದು ಹೇಗೆ?

ರಕ್ತದಲ್ಲಿ ಹರಿದು ಬರುವ ಯಾವುದೋ ಸಂದೇಶವಸ್ತು ಇರಬೇಕು ಎಂಬ ಊಹೆ ಬಲವಾಯಿತು. ಹಂಗೇರಿಯ ಎಂಡ್ರೆ ಕೆಲೆಮೆನ್ 1958ರಲ್ಲಿ ಅದಕ್ಕೆ ಥ್ರಾಂಬೊಪೊಯೆಟಿನ್ ಎಂದು ಹೆಸರಿಟ್ಟರು. ವಸ್ತು ಕೈಗೆ ಸಿಕ್ಕಿದ್ದು 1994ರಲ್ಲಿ. ಹೆಸರಿಟ್ಟು ಮೂವತ್ತಾರು ವರ್ಷ ತೊಟ್ಟಿಲು ಖಾಲಿಯಾಗಿತ್ತು. ಅಂಥದೊಂದು ವಸ್ತುವೇ ಇಲ್ಲ ಎಂದು ವಾದಿಸಿದವರೂ ಇದ್ದರು.

ಸಿಕ್ಕ ದಾರಿ ವಿಚಿತ್ರವಾದದ್ದು. 1986ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ಸನ್ನು ವರದಿ ಮಾಡಿದರು. ಅದರ ಜೀನನ್ನು ಕೆದಕಿದಾಗ ಕೋಶದ ಮೇಲ್ಮೈಯ ಒಂದು ಗ್ರಾಹಕದ ತುಣುಕು ಸಿಕ್ಕಿತು. 1992ರಲ್ಲಿ ಮನುಷ್ಯರಲ್ಲೂ ಆ ಗ್ರಾಹಕ ಇದೆಯೆಂದು ತಿಳಿಯಿತು. ಎಂಪಿಎಲ್ ಎಂದು ಅದರ ಹೆಸರು. ಬೀಗ ಸಿಕ್ಕಿತ್ತು, ಕೀಲಿ ಯಾವುದೆಂದು ಗೊತ್ತಿರಲಿಲ್ಲ. ಮರುವರ್ಷ ಆ ಗ್ರಾಹಕದ ತಯಾರಿಕೆಯನ್ನು ತಡೆದು ನೋಡಿದಾಗ ಮೆಗಾಕ್ಯಾರಿಯೊಸೈಟ್‌ಗಳು ಬೆಳೆಯಲಿಲ್ಲ, ಬೇರೆ ರಕ್ತಕೋಶಗಳು ಬೆಳೆದವು. ಅಲ್ಲಿಂದ ಓಟ ಶುರುವಾಯಿತು. ಕಿರುತಟ್ಟೆ ಕುಸಿದ ಹಂದಿ, ನಾಯಿ, ಇಲಿ, ಕುರಿಗಳ ರಕ್ತರಸವನ್ನು ಸೋಸಿ ಸೋಸಿ, 1994ರಲ್ಲಿ ಐದು ಗುಂಪುಗಳು ತಿಂಗಳುಗಳ ಅಂತರದಲ್ಲಿ ಒಂದೇ ಪ್ರೋಟೀನಿಗೆ ಬಂದು ಮುಟ್ಟಿದವು. ಅದು 332 ಅಮೈನೊ ಆಮ್ಲಗಳ ಸರಪಳಿ. ಅದರ ಮೊದಲ ಅರ್ಧ ಕೆಂಪು ರಕ್ತಕಣಗಳನ್ನು ಬೆಳೆಸುವ ಎರಿತ್ರೊಪೊಯೆಟಿನ್ನಿನ ದಾಯಾದಿಯಂತಿದೆ. ಹೆಚ್ಚಿನ ಪಾಲು ತಯಾರಾಗುವುದು ಯಕೃತ್ತಿನಲ್ಲಿ, ನಾವು ಲಿವರ್ ಎನ್ನುವ ಅಂಗದಲ್ಲಿ. ಈ ಜೀನನ್ನೋ ಅದರ ಗ್ರಾಹಕವನ್ನೋ ಇಲಿಯಲ್ಲಿ ಅಳಿಸಿದರೆ ಕಿರುತಟ್ಟೆಗಳು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತವೆ.

ಹಾಗಾದರೆ ಕಡಿಮೆಯಾದದ್ದು ಯಕೃತ್ತಿಗೆ ಗೊತ್ತಾಗುವುದು ಹೇಗೆ? ಇಲ್ಲಿಗೆ ಬಂದಾಗ ನಾನು ಆ ತಂದೆಗೆ ಹೀಗೆ ಹೇಳಿದೆ: "ಯಜಮಾನರೆ, ಲಿವರ್ ಲೆಕ್ಕ ಇಡೋದಿಲ್ಲ. ದಿನಾ ಹೆಚ್ಚುಕಡಿಮೆ ಒಂದೇ ಅಳತೆ ಅಡುಗೆ ಮಾಡಿ ರಕ್ತಕ್ಕೆ ಬಿಡ್ತದೆ. ಪ್ಲೇಟ್‌ಲೆಟ್ಟುಗಳ ಮೈಮೇಲೂ ಎಂಪಿಎಲ್ ಗ್ರಾಹಕ ಇದೆ. ಅವು ಆ ಪ್ರೋಟೀನನ್ನು ಹಿಡಿದು ನುಂಗಿಬಿಡ್ತವೆ. ಪ್ಲೇಟ್‌ಲೆಟ್ ಬೇಕಾದಷ್ಟಿದ್ದರೆ ಎಲ್ಲ ಖರ್ಚಾಗಿ ಮಜ್ಜೆಗೆ ಮುಟ್ಟೋದು ಅಷ್ಟಕ್ಕಷ್ಟೆ. ಪ್ಲೇಟ್‌ಲೆಟ್ ಕಮ್ಮಿ ಇದ್ದರೆ ಪ್ರೋಟೀನ್ ಉಳೀತದೆ. ಉಳಿದದ್ದು ಮಜ್ಜೆಗೆ ಹೋಗ್ತದೆ." ಅವರು ಒಂದು ಕ್ಷಣ ಯೋಚಿಸಿ, "ಜಾತ್ರೇಲಿ ಅನ್ನ ಉಳಿದರೆ ನಾವು ಬೀದಿಗೆ ಹೋಗಿ ಊಟಕ್ಕೆ ಬನ್ನಿ ಅಂತ ಕೂಗ್ತೀವಲ್ಲ, ಹಾಗೆ" ಎಂದರು. ಹೌದು, ಹಾಗೆಯೇ. ಉಳಿದ ಅನ್ನ ತಾನೇ ಉಣ್ಣುವವರನ್ನು ಕರೆಯುತ್ತದೆ. ಈ ನಿಯಂತ್ರಣವನ್ನು ನಾನು ಹಲವು ವರ್ಷ ಚಿತ್ರ ಬರೆದು ಪಾಠ ಮಾಡಿದ್ದೆ. ಅಂದಿನಿಂದ ಅನ್ನಸಂತರ್ಪಣೆಯ ಮಾತಿನಲ್ಲೇ ಹೇಳುತ್ತೇನೆ.

ಅಡುಗೆಯ ಅಳತೆ ಒಂದೇ ಎಂಬುದಕ್ಕೂ ತಿದ್ದುಪಡಿಗಳಿವೆ. ಮುದಿಯಾದ ಕಿರುತಟ್ಟೆಯ ಮೈಯಿಂದ ಸಯಾಲಿಕ್ ಆಮ್ಲವೆಂಬ ಸಕ್ಕರೆಯ ಹೊದಿಕೆ ಉದುರುತ್ತದೆ. ಯಕೃತ್ತಿನ ಒಂದು ಗ್ರಾಹಕ ಅಂಥ ಮುದಿಯರನ್ನು ಗುರುತಿಸಿ ಹಿಡಿದುಕೊಳ್ಳುತ್ತದೆ. ಹಿಡಿದದ್ದೇ ಹೆಚ್ಚು ಥ್ರಾಂಬೊಪೊಯೆಟಿನ್ ತಯಾರಿಸಲು ಸೂಚನೆಯಾಗುತ್ತದೆ ಎಂದು 2015ರಲ್ಲಿ ತಿಳಿದುಬಂತು. ಇನ್ನೊಂದು ತಿದ್ದುಪಡಿ ಉರಿಯೂತದ್ದು. ಕ್ಷಯ, ಸಂಧಿವಾತದಂಥ ದೀರ್ಘಕಾಲದ ಕಾಯಿಲೆಗಳಲ್ಲಿ ಇಂಟರ್‌ಲೂಕಿನ್-6 ಎಂಬ ಸಂದೇಶ ಪ್ರೋಟೀನ್ ಏರುತ್ತದೆ, ಅದು ಯಕೃತ್ತನ್ನು ಕೆಣಕಿ ಥ್ರಾಂಬೊಪೊಯೆಟಿನ್ನನ್ನು ಹೆಚ್ಚಿಸುತ್ತದೆ. ಅಂಥ ರೋಗಿಗಳ ಚೀಟಿಯಲ್ಲಿ ಪ್ಲೇಟ್‌ಲೆಟ್ ಐದು ಆರು ಲಕ್ಷ ಕಾಣುವುದುಂಟು. ಅಲ್ಲಿ ಚಿಕಿತ್ಸೆ ಬೇಕಾದದ್ದು ಮೂಲ ಕಾಯಿಲೆಗೆ.

ಸಂದೇಶ ಗ್ರಾಹಕಕ್ಕೆ ತಾಗಿದಾಗ ಏನಾಗುತ್ತದೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎಂಪಿಎಲ್ ಗ್ರಾಹಕದ ಒಳತುದಿಗೆ ಜಾಕ್-2 ಎಂಬ ಕಿಣ್ವ ಅಂಟಿಕೊಂಡಿರುತ್ತದೆ. ಹೊರಗೆ ಥ್ರಾಂಬೊಪೊಯೆಟಿನ್ ಕುಳಿತೊಡನೆ ಒಳಗೆ ಜಾಕ್-2 ಎಚ್ಚರಗೊಂಡು, ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಿ ಕೋಶಕೇಂದ್ರಕ್ಕೆ ಮುಟ್ಟಿಸುತ್ತದೆ. ಅಲ್ಲಿ ಗಾಟಾ-1, ರಂಕ್ಸ್-1 ಮೊದಲಾದ ಪ್ರೋಟೀನುಗಳು ಯಾವ ಜೀನುಗಳು ಕೆಲಸ ಮಾಡಬೇಕೆಂದು ತೀರ್ಮಾನಿಸುತ್ತವೆ.

ಈ ಸಂದೇಶವಾಹಕ ಪ್ರೋಟೀನುಗಳಿಗೆ ಒಟ್ಟಾಗಿ ಸೈಟೋಕೈನ್ ಎಂದು ಹೆಸರು. ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಮೆಗಾಕ್ಯಾರಿಯೊಸೈಟ್‌ನ ಸೈಟೋಕೈನ್ ಯಾವುದು ಎಂದರೆ ಥ್ರಾಂಬೊಪೊಯೆಟಿನ್ ಎಂಬ ಒಂದೇ ಪದ ಬರುತ್ತದೆ, ಅದಕ್ಕೆ ಪೂರ್ತಿ ಅಂಕವೂ ಸಿಗುತ್ತದೆ. ನನಗೆ ಅದು ಅರ್ಧ ಉತ್ತರ. ಅದನ್ನು ಇತ್ತೀಚಿನ ಮೂವತ್ತು ವರ್ಷಗಳ ಪ್ರಯೋಗಗಳೇ ಹೇಳುತ್ತಿವೆ.

ಥ್ರಾಂಬೊಪೊಯೆಟಿನ್ ಇಲ್ಲದ ಇಲಿಯಲ್ಲೂ ಹತ್ತರಲ್ಲೊಂದು ಪಾಲು ಕಿರುತಟ್ಟೆ ಉಳಿಯುತ್ತದೆ ಎಂದೆ. ಅವು ಸಂಖ್ಯೆಯಲ್ಲಿ ಕಡಿಮೆ, ರೂಪದಲ್ಲಿ ಸರಿಯಾಗಿವೆ. ಅದಕ್ಕೆ ವಿರುದ್ಧವಾಗಿ, ಎನ್ಎಫ್-ಇ2 ಎಂಬ ಒಳಗಿನ ಪ್ರೋಟೀನ್ ಇಲ್ಲದ ಇಲಿಗಳನ್ನು 1995ರಲ್ಲಿ ಸೃಷ್ಟಿಸಿದಾಗ, ಅವುಗಳ ಮಜ್ಜೆಯಲ್ಲಿ ದೈತ್ಯಕೋಶಗಳು ತುಂಬಿದ್ದವು, ರಕ್ತದಲ್ಲಿ ಕಿರುತಟ್ಟೆಯೇ ಇರಲಿಲ್ಲ. ಥ್ರಾಂಬೊಪೊಯೆಟಿನ್ ಕೊಟ್ಟರೂ ಬರಲಿಲ್ಲ. 2014ರಲ್ಲಿ ಇನ್ನೊಂದು ಅಚ್ಚರಿ ಕಂಡಿತು. ಮೆಗಾಕ್ಯಾರಿಯೊಸೈಟ್ ಮತ್ತು ಕಿರುತಟ್ಟೆಗಳ ಮೈಯಿಂದ ಮಾತ್ರ ಎಂಪಿಎಲ್ ಗ್ರಾಹಕವನ್ನು ತೆಗೆದು, ಅವುಗಳ ಪೂರ್ವಜ ಕೋಶಗಳಲ್ಲಿ ಹಾಗೇ ಬಿಟ್ಟರೆ, ಆ ಇಲಿಗಳಲ್ಲಿ ಕಿರುತಟ್ಟೆ ಕಡಿಮೆಯಾಗುವುದಿರಲಿ, ವಿಪರೀತ ಹೆಚ್ಚಾಯಿತು! ಅನ್ನ ಉಣ್ಣುವ ಬಾಯಿಗಳನ್ನು ಮುಚ್ಚಿದಂತಾಯಿತು. ಪಾತ್ರೆ ತುಂಬ ಉಳಿದ ಪ್ರೋಟೀನ್ ಪೂರ್ವಜ ಕೋಶಗಳನ್ನು ಎಡೆಬಿಡದೆ ಕರೆಯಿತು. ಅಂದರೆ ಥ್ರಾಂಬೊಪೊಯೆಟಿನ್ನಿನ ದೊಡ್ಡ ಕೆಲಸ ಎಲ್ಲ ರಕ್ತಕೋಶಗಳ ಮೂಲವಾದ ಆಕರಕೋಶಗಳನ್ನು (ಸ್ಟೆಮ್ ಸೆಲ್), ಎಳೆಯ ಪೂರ್ವಜರನ್ನು, ಈ ಹಾದಿಗೆ ಕರೆತಂದು ಅವುಗಳ ಸಂಖ್ಯೆ ಹೆಚ್ಚಿಸುವುದು. ಬೆಳೆದು ನಿಂತ ಕೋಶ ಕೊನೆಯಲ್ಲಿ ಎಳೆಬಿಡುವ ಹೊತ್ತಿಗೆ ಅದರ ಅಗತ್ಯ ತೀರಿರುತ್ತದೆ.

ಹಾಗಾದರೆ ನಡುವಿನ ದಾರಿಯಲ್ಲಿ ಯಾರಿದ್ದಾರೆ? ಇಂಟರ್‌ಲೂಕಿನ್-3, -6, -11 ಮತ್ತು ಆಕರಕೋಶ ಘಟಕ ಎಂಬ ಪ್ರೋಟೀನುಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಹಾಕಿದರೆ ದೈತ್ಯಕೋಶಗಳ ಬೆಳವಣಿಗೆ ಚುರುಕಾಗುತ್ತದೆ. ಇಂಟರ್‌ಲೂಕಿನ್-11 ಔಷಧಿಯಾಗಿ 1997ರಲ್ಲಿ ಅಮೆರಿಕದಲ್ಲಿ ಅನುಮತಿಯನ್ನೂ ಪಡೆಯಿತು. ಮೈಯಲ್ಲಿ ನೀರು ತುಂಬಿಕೊಳ್ಳುವ ತೊಂದರೆಯಿಂದ ಅದರ ಬಳಕೆ ಹೆಚ್ಚಲಿಲ್ಲ. ಅದರ ಗ್ರಾಹಕವಿಲ್ಲದ ಇಲಿಗಳಲ್ಲಿ ಕಿರುತಟ್ಟೆಯ ಸಂಖ್ಯೆ ಸಹಜವಾಗಿಯೇ ಇದೆ. ಆದ್ದರಿಂದ ಇವನ್ನು ಕಷ್ಟಕಾಲಕ್ಕೆ ಬರುವ ನೆರೆಹೊರೆಯವರು ಎನ್ನಬಹುದು, ಮನೆಯ ಆಧಾರಸ್ತಂಭ ಎನ್ನಲಾಗದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅರ್ಥಪೂರ್ಣವಾದ ಪ್ರಯೋಗ 2004ರದು. ಎಸ್‌ಡಿಎಫ್-1 ಎಂಬ, ಕೇವಲ 68 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್ ಮಜ್ಜೆಯ ರಕ್ತನಾಳಗಳ ಬಳಿ ಇರುತ್ತದೆ. ದೈತ್ಯಕೋಶದ ಮೇಲೆ ಇದಕ್ಕೊಂದು ಗ್ರಾಹಕವಿದೆ. ಇದನ್ನೂ ಎಫ್‌ಜಿಎಫ್-4 ಎಂಬ ಇನ್ನೊಂದನ್ನೂ ಥ್ರಾಂಬೊಪೊಯೆಟಿನ್ ಇಲ್ಲದ ಇಲಿಗಳಿಗೆ ಕೊಟ್ಟಾಗ ಕಿರುತಟ್ಟೆಗಳು ಏರಿದವು. ಮೊದಲನೆಯದು ಕೋಶವನ್ನು ರಕ್ತನಾಳದ ಗೋಡೆಯವರೆಗೆ ಕರೆದೊಯ್ಯುತ್ತದೆ, ಎರಡನೆಯದು ಅಲ್ಲಿ ಅಂಟಿ ನಿಲ್ಲಲು ನೆರವಾಗುತ್ತದೆ. ಬೀಜ ಎಷ್ಟೇ ಒಳ್ಳೆಯದಿದ್ದರೂ ಬೀಳಬೇಕಾದ ಪಾತಿಯಲ್ಲಿ ಬೀಳಬೇಕು ಎಂಬುದು ನಮ್ಮ ರೈತರಿಗೆ ಗೊತ್ತಿರುವ ಮಾತು. ಮಜ್ಜೆಯಲ್ಲೂ ಜಾಗವೇ ಪಕ್ವತೆಯ ಒಂದು ಭಾಗ.

ತುರ್ತಿಗೆ ಬೇರೊಂದು ದಾರಿಯಿದೆ. ಉರಿಯೂತದಂಥ ಸಮಯದಲ್ಲಿ ಇಂಟರ್‌ಲೂಕಿನ್-1ಆಲ್ಫಾ ಏರಿದರೆ ದೈತ್ಯಕೋಶ ನಿಧಾನವಾಗಿ ಎಳೆ ಬಿಡುತ್ತ ಕೂರದೆ ಒಮ್ಮೆಗೇ ಬಿರಿದು ಕಿರುತಟ್ಟೆಗಳನ್ನು ಚೆಲ್ಲುತ್ತದೆ ಎಂದು 2015ರಲ್ಲಿ ಜಪಾನಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ತಡೆಯುವ ಕೈಗಳೂ ಇವೆ. ಪ್ಲೇಟ್‌ಲೆಟ್ ಘಟಕ-4, ಟಿಜಿಎಫ್-ಬೀಟಾ ಎಂಬ ಎರಡು ಪ್ರೋಟೀನುಗಳು ದೈತ್ಯಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುತ್ತವೆ. ಅವೆರಡೂ ಇರುವುದು ಕಿರುತಟ್ಟೆಗಳ ಕಣಗಳೊಳಗೇ.

ಈ ಮಾತುಕತೆ ಕೆಟ್ಟಾಗ ಏನಾಗುತ್ತದೆ? ಎಂಪಿಎಲ್ ಜೀನ್ ಎರಡೂ ಕಡೆಯಿಂದ ಕೆಟ್ಟು ಹುಟ್ಟುವ ಮಕ್ಕಳಿದ್ದಾರೆ. ಇದು ಅಪರೂಪ. ರಕ್ತದಲ್ಲಿ ಥ್ರಾಂಬೊಪೊಯೆಟಿನ್ ತುಂಬಿ ತುಳುಕುತ್ತಿರುತ್ತದೆ, ಕೇಳುವ ಕಿವಿಯಿರುವುದಿಲ್ಲ. ಮೊದಲು ಕಿರುತಟ್ಟೆ ಮಾತ್ರ ಕಡಿಮೆಯಿದ್ದು, ವರ್ಷಗಳು ಕಳೆದಂತೆ ಇಡೀ ಮಜ್ಜೆಯೇ ಬತ್ತುತ್ತದೆ. ಆಕರಕೋಶಗಳು ಉಳಿಯಲೂ ಅದೇ ಸಂದೇಶ ಬೇಕು ಎಂಬುದನ್ನು ಈ ಮಕ್ಕಳು ನಮಗೆ ಕಲಿಸಿದರು. ಅವರಿಗೆ ಆಕರಕೋಶ ಕಸಿಯೇ ದಾರಿ. ಇದಕ್ಕೆ ತದ್ವಿರುದ್ಧವಾದದ್ದು ಹೇಳುವವರಿಲ್ಲದೆಯೇ ಕೇಳಿಸಿಕೊಳ್ಳುವ ರೋಗ. ಜಾಕ್-2ರಲ್ಲಿ ಒಂದೇ ಅಕ್ಷರ ಬದಲಾದರೆ ಅದು ಸದಾ ಎಚ್ಚರವಾಗಿರುತ್ತದೆ, ಕಿರುತಟ್ಟೆಗಳು ಹತ್ತು ಲಕ್ಷ ದಾಟಿ ರಕ್ತನಾಳಗಳಲ್ಲಿ ಹೆಪ್ಪುಗಟ್ಟಲೂಬಹುದು. ಇದು ಗೊತ್ತಾದದ್ದು 2005ರಲ್ಲಿ. ಮರುವರ್ಷ ಎಂಪಿಎಲ್‌ನಲ್ಲೇ ಅಂಥ ಬದಲಾವಣೆ, 2013ರಲ್ಲಿ ಕ್ಯಾಲ್‌ರೆಟಿಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನಿನಲ್ಲಿ. ಅದು ಕೆಟ್ಟಾಗ ಎಂಪಿಎಲ್‌ಗೇ ಅಂಟಿಕೊಂಡು ಸುಳ್ಳು ಸಂದೇಶ ಕೊಡುತ್ತದೆ.

ಔಷಧಿಯ ಕಥೆಯಲ್ಲಿ ಒಂದು ಕಹಿ ಅಧ್ಯಾಯವಿದೆ. ಥ್ರಾಂಬೊಪೊಯೆಟಿನ್ ಸಿಕ್ಕೊಡನೆ ಅದರ ಮೊಟಕುಗೊಳಿಸಿದ ರೂಪವೊಂದನ್ನು ತಯಾರಿಸಿ, ಆರೋಗ್ಯವಂತ ಸ್ವಯಂಸೇವಕರಿಗೂ ಕೊಟ್ಟು ನೋಡಿದರು. ಕೆಲವರ ದೇಹ ಆ ಔಷಧಿಯ ವಿರುದ್ಧ ಪ್ರತಿಕಾಯ ತಯಾರಿಸಿತು. ಆ ಪ್ರತಿಕಾಯ ಅವರದೇ ಥ್ರಾಂಬೊಪೊಯೆಟಿನ್ನನ್ನೂ ಹಿಡಿದು ನಿಷ್ಕ್ರಿಯಗೊಳಿಸಿತು. ಇನ್ನೊಬ್ಬರಿಗೆ ನೆರವಾಗಲೆಂದು ಮುಂದೆ ಬಂದ ಆರೋಗ್ಯವಂತರು ತಾವೇ ಕಿರುತಟ್ಟೆಯಿಲ್ಲದೆ ರೋಗಿಗಳಾದರು. 1998ರಲ್ಲಿ ಆ ಪ್ರಯೋಗಗಳನ್ನು ನಿಲ್ಲಿಸಲಾಯಿತು. ಈ ವಿಷಯದ ಪಾಠದಲ್ಲಿ ಆ ಸ್ವಯಂಸೇವಕರನ್ನು ನೆನೆಯದೆ ಮುಂದೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ.

ಅವರ ಅನುಭವದಿಂದ ದಾರಿ ಬದಲಾಯಿತು. ಥ್ರಾಂಬೊಪೊಯೆಟಿನ್ನನ್ನು ಒಂದಿಷ್ಟೂ ಹೋಲದ, ಆದರೆ ಅದೇ ಗ್ರಾಹಕವನ್ನು ಎಚ್ಚರಿಸುವ ಔಷಧಿಗಳನ್ನು ಹುಡುಕಿದರು. 2008ರಲ್ಲಿ ಎರಡು ಬಂದವು: ಚುಚ್ಚುಮದ್ದಾಗಿ ರೋಮಿಪ್ಲೋಸ್ಟಿಮ್, ಮಾತ್ರೆಯಾಗಿ ಎಲ್ಟ್ರಾಂಬೊಪ್ಯಾಗ್. ಐಟಿಪಿಯಲ್ಲಿ ಕಿರುತಟ್ಟೆ ಕುಸಿದಿದ್ದರೂ ಥ್ರಾಂಬೊಪೊಯೆಟಿನ್ ಮಟ್ಟ ನಾವು ಎಣಿಸಿದಷ್ಟು ಏರಿರುವುದಿಲ್ಲ. ಹುಟ್ಟುತ್ತಲೇ ಸಾಯುವ ಕಿರುತಟ್ಟೆಗಳೂ ಮಜ್ಜೆಯ ದೈತ್ಯಕೋಶಗಳೂ ಅದನ್ನು ಖರ್ಚುಮಾಡುತ್ತಲೇ ಇರುತ್ತವೆ. ಹಾಗಾಗಿ ಹೊರಗಿನಿಂದ ಒಂದಿಷ್ಟು ಕರೆ ಕೊಟ್ಟರೆ ಮಜ್ಜೆ ಓಗೊಡುತ್ತದೆ. ಮಜ್ಜೆ ಬತ್ತುವ ಏಪ್ಲಾಸ್ಟಿಕ್ ಅನೀಮಿಯಾ ರೋಗದಲ್ಲೂ ಅದೇ ಮಾತ್ರೆ ಕೆಲವರಲ್ಲಿ ಮೂರೂ ಬಗೆಯ ರಕ್ತಕಣಗಳನ್ನು ಏರಿಸಿತು, 2014ರಲ್ಲಿ ಅದಕ್ಕೂ ಅನುಮತಿ ದೊರೆಯಿತು. ಸಭೆಯಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ಸುಣ್ಣದಂಶ ಹೆಚ್ಚಿರುವ ಆಹಾರ ಈ ಔಷಧಿಯನ್ನು ಕರುಳಲ್ಲೇ ಕಟ್ಟಿಹಾಕುತ್ತದೆ. ಹಾಲು, ಮೊಸರು ಅಂಥವು, ನಮ್ಮ ರಾಗಿಯಲ್ಲೂ ಸುಣ್ಣದಂಶ ಬಹಳ. ಅವಕ್ಕಿಂತ ಕನಿಷ್ಠ ಎರಡು ಗಂಟೆ ಮೊದಲು ಇಲ್ಲವೆ ನಾಲ್ಕು ಗಂಟೆ ನಂತರ ಮಾತ್ರೆ ನುಂಗಬೇಕು. ಮುದ್ದೆ ಊಟದ ಜೊತೆ, ಮಜ್ಜಿಗೆಯ ಜೊತೆ ನುಂಗಿ, ಔಷಧಿ ಫಲಿಸಲಿಲ್ಲ ಎಂದು ಬಿಟ್ಟವರಿದ್ದಾರೆ.

ಡೆಂಗಿಯ ವಿಷಯಕ್ಕೆ ಮರಳಿ ಬರುತ್ತೇನೆ, ಏಕೆಂದರೆ ನಮ್ಮ ನಾಡಿನಲ್ಲಿ ಪ್ಲೇಟ್‌ಲೆಟ್ ಎಂಬ ಪದ ಮನೆಮನೆಗೆ ಬಂದದ್ದು ಆ ಜ್ವರದಿಂದ. ಡೆಂಗಿಯಲ್ಲಿ ವೈರಸ್ ಮಜ್ಜೆಯನ್ನು ಕೆಲವು ದಿನ ಮಂಕಾಗಿಸುತ್ತದೆ, ರಕ್ತದಲ್ಲಿರುವ ಕಿರುತಟ್ಟೆಗಳೂ ನಾಶವಾಗುತ್ತವೆ. ಸುಮಾರು ಒಂದು ವಾರದ ನಂತರ ಮಜ್ಜೆ ಎಚ್ಚತ್ತು ಸಂಖ್ಯೆ ತಾನಾಗಿ ಏರುತ್ತದೆ. ಪಪ್ಪಾಯಿ ಎಲೆಯ ರಸವನ್ನು ಜನ ಕುಡಿಸುವುದೂ ಸಾಮಾನ್ಯವಾಗಿ ಆ ಹೊತ್ತಿಗೇ. ಏರಿಕೆಯ ಕೀರ್ತಿಯನ್ನು ಎಲೆಗೆ ಕೊಡುವ ಮೊದಲು ಮಜ್ಜೆಯ ದುಡಿಮೆಯನ್ನು ನೆನೆಯಬೇಕು. ಡೆಂಗಿಯಲ್ಲಿ ಜೀವಕ್ಕೆ ದೊಡ್ಡ ಅಪಾಯ ರಕ್ತನಾಳಗಳಿಂದ ರಕ್ತರಸ ಸೋರುವುದರಿಂದ. ನೋಡಬೇಕಾದದ್ದು ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ, ಹೊಟ್ಟೆನೋವು, ರಕ್ತದ ಸಾಂದ್ರತೆ. ರಕ್ತಸ್ರಾವವಿಲ್ಲದ ರೋಗಿಯಲ್ಲಿ ಸಂಖ್ಯೆ 10,000ಕ್ಕಿಂತ ಕೆಳಗಿಳಿಯುವವರೆಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ ಎಂಬುದೇ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ನಿಲುವು. ಆ ಹುಡುಗನಿಗೂ ಏರಿಸಲಿಲ್ಲ. ನಾಲ್ಕನೆಯ ಚೀಟಿಯಲ್ಲಿ 29,000 ಇತ್ತು, ಆರನೆಯದರಲ್ಲಿ 74,000.

ಹೀಗೆ ಅಗತ್ಯವಿಲ್ಲದೆಡೆ ಏರಿಸಿದ ಪ್ರತಿಯೊಂದು ಚೀಲವೂ ಅಗತ್ಯವಿರುವ ಇನ್ನೊಬ್ಬರಿಂದ ಕಸಿದದ್ದು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮಕ್ಕಳ ಮಜ್ಜೆ ವಾರಗಟ್ಟಲೆ ಮೌನವಾಗಿರುತ್ತದೆ, ಅವರು ಬದುಕುವುದು ದಾನಿಗಳ ಕಿರುತಟ್ಟೆಯಿಂದ. ಇವನ್ನು ಫ್ರಿಜ್ಜಿನಲ್ಲಿಟ್ಟು ಕಾಪಾಡುವಂತಿಲ್ಲ. ತಣ್ಣಗಾದ ಕಿರುತಟ್ಟೆಯ ಮೈ ಬದಲಾಗಿ, ರೋಗಿಯ ಯಕೃತ್ತು ಅದನ್ನು ಬೇಗ ಹಿಡಿದು ತೆಗೆದುಬಿಡುತ್ತದೆ. ಆದ್ದರಿಂದ 20ರಿಂದ 24 ಡಿಗ್ರಿ ಶಾಖದಲ್ಲಿ, ಸದಾ ಅಲುಗಿಸುತ್ತ, ಐದು ದಿನ ಮಾತ್ರ ಇಡಬಹುದು. ಜಪಾನಿನ ಕ್ಯೋಟೊದಲ್ಲಿ ಆಕರಕೋಶಗಳಿಂದ ದೈತ್ಯಕೋಶಗಳನ್ನು ಬೆಳೆಸಿ ಕಿರುತಟ್ಟೆ ತಯಾರಿಸುವ ಕೆಲಸ ನಡೆದಿದೆ. ದ್ರವದಲ್ಲಿ ಸುಳಿಗಳೇಳುವಂತೆ ಕದಡಿದರೆ ಇಳುವರಿ ಹೆಚ್ಚುತ್ತದೆ, ಆ ಕದಡಿನಲ್ಲಿ ದೈತ್ಯಕೋಶಗಳೇ ಬಿಡುವ ಕೆಲವು ಪ್ರೋಟೀನುಗಳು ಅದಕ್ಕೆ ನೆರವಾಗುತ್ತವೆ ಎಂದು ಅವರು 2018ರಲ್ಲಿ ಕಂಡರು. ಮುಂದೆ ಒಬ್ಬ ರೋಗಿಗೆ ಅವರದೇ ಕೋಶಗಳಿಂದ ಬೆಳೆಸಿದ ಕಿರುತಟ್ಟೆಗಳನ್ನು ಏರಿಸಿಯೂ ನೋಡಿದರು. ಅದು ನಮ್ಮ ಜಿಲ್ಲಾಸ್ಪತ್ರೆಗಳಿಗೆ ಬರುವವರೆಗೆ ಮನುಷ್ಯರ ಮಜ್ಜೆಯೇ ಕಾರ್ಖಾನೆ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಹದಿನೆಂಟು ತುಂಬಿದವರಿಗೆ ನನ್ನ ಕೋರಿಕೆ ಇದು. ಯಂತ್ರದ ಮೂಲಕ ಕಿರುತಟ್ಟೆಯನ್ನಷ್ಟೇ ತೆಗೆದು ಉಳಿದ ರಕ್ತವನ್ನು ಮರಳಿ ನಿಮಗೇ ಕೊಡುವ ದಾನವೊಂದಿದೆ. ತೂಕ ಐವತ್ತು ಕಿಲೋ ದಾಟಿರಬೇಕು, ಎಣಿಕೆ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಕೊಟ್ಟ ದಿನ ನಿಮ್ಮ ರಕ್ತದಲ್ಲಿ ಥ್ರಾಂಬೊಪೊಯೆಟಿನ್ ಒಂದಿಷ್ಟು ಉಳಿಯುತ್ತದೆ, ನಿಮ್ಮ ಮಜ್ಜೆಗೆ ಕರೆ ಹೋಗುತ್ತದೆ, ಕೆಲವೇ ದಿನಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಹಾಗಾಗಿಯೇ ನಮ್ಮ ದೇಶದ ನಿಯಮ 48 ಗಂಟೆಗಳ ಅಂತರದಲ್ಲಿ ಮತ್ತೆ ಕೊಡಲು, ವರ್ಷಕ್ಕೆ 24 ಸಲ ಕೊಡಲು ಒಪ್ಪುತ್ತದೆ. ಇವತ್ತು ಮನೆಗೆ ಹೋಗುವ ಮೊದಲು ನಿಮ್ಮ ಹತ್ತಿರದ ರಕ್ತನಿಧಿಯಲ್ಲಿ ಹೆಸರು ಮತ್ತು ಫೋನ್ ನಂಬರ್ ಬರೆಸಿ. ಅವರು ಕರೆದ ದಿನ ಹೋಗಿ.